ಅವಳು ಹಾವು ಎನ್ನಲಿಲ್ಲ

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯವರು ಒಣಮೆಣಸು ಹುರಿದರು. ನೌಕಾನೆಲೆ ಬರುತ್ತದೆಂದು ಅರ್ಗಾದಿಂದ ಎದ್ದು ಬಂದು, ಕಾರವಾರದ ಈ ಓಣಿಯಲ್ಲಿ ಬಾಡಿಗೆಗಿರುವ ಕುಟುಂಬ ಅದು. ವರ್ಷದ ಮಸಾಲೆಗೆ ಬೇಕಾದಷ್ಟನ್ನು ಒಮ್ಮೆಲೇ ಹುರಿಯುತ್ತಾರೆ. ಘಾಟು ಕಿಟಕಿಯಿಂದ ಒಳಗೆ ನುಗ್ಗಿ ಮನೆಮಂದಿಯೆಲ್ಲ ಕೆಮ್ಮಿದರು. ಮಗಳು ಓಡಿಬಂದು ಕಿಟಕಿ ಮುಚ್ಚಿದಳು. ಮೊಮ್ಮಗ ಮೂಗಿಗೆ ಟವೆಲ್ ಹಿಡಿದುಕೊಂಡ. ನಾನು ಕೂತಲ್ಲೇ ಕೂತಿದ್ದೆ, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮೆಣಸಿನ ಘಾಟಿಗೆ ಎಂದುಕೊಂಡರು ಅವರು. ಅರ್ಧ ಹೌದು.

ಮೊಮ್ಮಗ ಆಗ ಪೇಪರು ಓದುತ್ತಿದ್ದ. ಯಾವುದೋ ಊರಿನಲ್ಲಿ ಯಾವನೋ ಹೆಂಡತಿಯನ್ನು ಬಡಿದು ಕೊಂದಿದ್ದ. ಇಂಥದ್ದೆಲ್ಲ ಹೆಚ್ಚಾಗಿ ಗಂಡಸರೇ ಮಾಡುವುದು ಯಾಕೋ ಎಂದು ಮಗಳು ಸುಮ್ಮನೆ ಕೇಳಿದಳು. ಕಾಲೇಜಿಗೆ ಹೋಗುವ ಹುಡುಗ, ಅವನ ಬಳಿ ಉತ್ತರ ತಯಾರಿತ್ತು. ಗಂಡಸಿನ ಮೈಯಲ್ಲಿ ಏನೋ ಒಂದು ರಸ ಇರುತ್ತದಂತೆ. ಅದು ಏರಿತೆಂದರೆ ಸಿಟ್ಟು ತಡೆಯಲು ಆಗುವುದಿಲ್ಲವಂತೆ, ಕೈ ತನ್ನಷ್ಟಕ್ಕೇ ಏಳುತ್ತದಂತೆ. ಹೆಂಗಸರಲ್ಲಿ ಅದು ಕಡಿಮೆಯಂತೆ. ಮಗಳು ಹೌದೌದು ಎಂದು ತಲೆಯಾಡಿಸಿ ಅಡುಗೆಮನೆಗೆ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕೈ ತನ್ನಷ್ಟಕ್ಕೇ ಏಳುತ್ತದಂತೆ! ಯಾರ ಎದುರು ಏಳಬೇಕು, ಯಾರ ಎದುರು ಏಳಬಾರದು ಎಂದು ಲೆಕ್ಕ ಹಾಕಿಯೇ ಏಳುವ ಒಂದು ಕೈಯನ್ನು ನಾನು ಕಣ್ಣಾರೆ ಕಂಡವಳು. ಆ ಕೈಗೆ ಬಲಿಯಾದವಳು ನನ್ನ ಆಚೆಮನೆಯ ಅಕ್ಕ.

ಅಂಕೋಲೆಯ ಪೇಟೆಯಿಂದ ಗದ್ದೆಯಂಚಿನಲ್ಲಿ ಅರ್ಧ ಗಂಟೆ ನಡೆದರೆ ನಾನು ಸೊಸೆಯಾಗಿ ಹೋದ ಕೇರಿ. ನನಗಾಗ ಹದಿನಾಲ್ಕೋ ಹದಿನೈದೋ. ನಮ್ಮ ಹಿತ್ತಿಲಿಗೂ ಆಚೆಮನೆಯ ಹಿತ್ತಿಲಿಗೂ ನಡುವೆ ಒಂದೇ ಬಾವಿ. ಎರಡೂ ಮನೆಯವರು ಸ್ವಂತ ಗದ್ದೆ ಮಾಡಿಕೊಂಡು ಹೊಟ್ಟೆಬಟ್ಟೆಗೆ ತೊಂದರೆಯಿಲ್ಲದೆ ಇದ್ದವರು. ಆಚೆಮನೆಯ ಸೊಸೆ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ, ಅವಳು ತಂಗಿ ಎನ್ನುತ್ತಿದ್ದಳು. ತವರು ನೆನಪಾಗಿ ನಾನು ಬಾವಿಕಟ್ಟೆಯಲ್ಲಿ ಅಳುತ್ತ ನಿಂತರೆ ನನ್ನ ಕೊಡವನ್ನೂ ಅವಳೇ ಸೇದಿ ತುಂಬಿಸಿ, ಬಾಳೆಲೆಯಲ್ಲಿ ಸುತ್ತಿ ತಂದ ಸುಟ್ಟ ಬಂಗಡೆಯ ತುಂಡು ಕೈಗಿಡುತ್ತಿದ್ದಳು.

ಅವಳ ತವರು ಕೋಡಿಬಾಗ. ಕಾಳಿ ನದಿಯ ದಂಡೆಯಲ್ಲಿ ಕೊಂಕಣಿ ಮಾತಾಡುವ ಮನೆಯಲ್ಲಿ ಬೆಳೆದವಳು. ನಮ್ಮ ಕನ್ನಡ ಅವಳ ಬಾಯಲ್ಲಿ ಬೇರೆಯೇ ಆಗುತ್ತಿತ್ತು. ಬಾವಿ ಬತ್ತಿದಳು, ತೆಂಗಿನಕಾಯಿ ಬಿದ್ದ ಎನ್ನುತ್ತಿದ್ದಳು. ಅವಸರದಲ್ಲಿ 'ನಾನು' ಎಂಬ ಮಾತು ಅವಳಿಗೆ ಬರುತ್ತಲೇ ಇರಲಿಲ್ಲ, ಮೂಗಿನಲ್ಲಿ ಒಂದಿಷ್ಟು ತಿರುಗಿಸಿ 'ಹಾಂವ' ಎಂದೇ ಹೇಳುತ್ತಿದ್ದಳು. ಹಾಂವ ಬಂದೆ, ಹಾಂವ ಕೊಡ್ತೆ, ಹಾಂವ ನೋಡ್ಲಿಲ್ಲ. ಕೇರಿಯ ಮಕ್ಕಳು ಹಿಂದೆ ಹಿಂದೆ ಬಂದು "ಹಾಂವ ಬಂದೆ, ಹಾಂವ ಬಂದೆ" ಎಂದು ಅಣಕಿಸುತ್ತಿದ್ದವು. ಅವಳು ಸಿಟ್ಟಾಗದೆ ಅವರ ಜೊತೆ ನಗುತ್ತಿದ್ದಳು. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆಂದರೆ, ಹಾಂವ ಅಂದರೆ ನಾನು ಎಂಬುದು ನಮ್ಮ ಕೇರಿಯ ಮೂರು ವರ್ಷದ ಮಗುವಿಗೂ ಗೊತ್ತಿತ್ತು. ಪೇಟೆಯಲ್ಲಿ ಮೀನು ಕೊಳ್ಳುವಾಗ, ಅಂಗಡಿಯಲ್ಲಿ ಬೆಲ್ಲ ಕೊಳ್ಳುವಾಗ ನಮ್ಮವರೆಲ್ಲ ದಿನವೂ ಕೇಳುತ್ತಿದ್ದ ಮಾತು ಅದು.

ಅವಳ ಗಂಡನನ್ನು ಊರು ತಲೆಯ ಮೇಲೆ ಹೊತ್ತು ಮೆರೆಸುತ್ತಿತ್ತು. ಉಪ್ಪಿನ ಕಾಯದೆ ಮುರಿಯುವ ಚಳವಳಿ ಅಂಕೋಲೆಗೆ ಬಂದಾಗ ಮುಂದಿನ ಸಾಲಿನಲ್ಲಿ ಹೋದವನು. ಪೊಲೀಸರು ಲಾಠಿಯಲ್ಲಿ ಬಡಿಯುವಾಗ ಕೈ ಜೋಡಿಸಿಕೊಂಡು ನಿಂತಿದ್ದನಂತೆ. ಭುಜಕ್ಕೆ ಬಿತ್ತು, ಬೆನ್ನಿಗೆ ಬಿತ್ತು, ಒಬ್ಬ ಪೊಲೀಸು ಮುಖಕ್ಕೆ ಉಗುಳಿದ. ಆದರೂ ಕೈ ಎತ್ತಲಿಲ್ಲವಂತೆ, ಒಂದು ಕೆಟ್ಟ ಮಾತು ಆಡಲಿಲ್ಲವಂತೆ. ನೋಡಿದವರು ಎಷ್ಟೋ ಮಂದಿ ಇದ್ದರು, ಸುಳ್ಳಲ್ಲ. ಆಮೇಲೆ ಅವನನ್ನು ಹಿಡಿದು ಜೈಲಿಗೆ ಕಳಿಸಿದರು. ನಮ್ಮ ಮಾವನವರಂತೂ ಅವನ ಹೆಸರು ಹೇಳುವಾಗ ಕೂತಲ್ಲಿಂದ ಅರ್ಧ ಏಳುತ್ತಿದ್ದರು.

ಅದೇ ಮನುಷ್ಯ ಹೆಂಡತಿಗೆ ಹೊಡೆಯುತ್ತಿದ್ದ. ಗಂಜಿ ಬಿಸಿಯಾಯಿತೆಂದು, ಆರಿತೆಂದು, ಉತ್ತರ ಕೊಟ್ಟಳೆಂದು, ಉತ್ತರ ಕೊಡದೆ ನಿಂತಳೆಂದು. ನಮ್ಮ ಕೇರಿಯಲ್ಲಿ ಅದಕ್ಕೆ ಹೊಡೆಯುವುದು ಎನ್ನುತ್ತಿರಲಿಲ್ಲ, 'ಬುದ್ಧಿ ಹೇಳುವುದು' ಎನ್ನುತ್ತಿದ್ದರು. ನಿನ್ನೆ ಆಚೆಮನೆಯವ ಹೆಂಡತಿಗೆ ನಾಕು ಬುದ್ಧಿ ಹೇಳಿದ ಎಂದರೆ ಬೆನ್ನಿನ ಮೇಲೆ ಬಾಸುಂಡೆ ಎದ್ದಿವೆ ಎಂದು ಅರ್ಥ. ನನ್ನ ಗಂಡ ನನಗೆ ಹೊಡೆಯುತ್ತಿರಲಿಲ್ಲ. ಪುಣ್ಯ ಮಾಡಿದ್ದೆ ನೀನು ಎಂದು ಹೆಂಗಸರೆಲ್ಲ ನನ್ನನ್ನು ಹೊಗಳುತ್ತಿದ್ದರು. ದಾರಿಯಲ್ಲಿ ನಾಯಿ ಕಚ್ಚಲಿಲ್ಲ ಎಂದು ಯಾರನ್ನಾದರೂ ಹೊಗಳುತ್ತಾರೆಯೇ?

ಅವನು ಜೈಲಿನಲ್ಲಿದ್ದ ತಿಂಗಳುಗಳಲ್ಲಿ ಅಕ್ಕನನ್ನು ನೋಡಬೇಕಿತ್ತು... ಮೈ ತುಂಬಿಕೊಂಡಳು. ಬಾವಿಕಟ್ಟೆಯಲ್ಲಿ ಹಾಡುತ್ತಿದ್ದಳು. ಅತ್ತೆ ಮುದುಕಿ, ಮನೆಯಲ್ಲಿ ಬೇರೆ ಗಂಡಸರಿಲ್ಲ. ಹೂಡಲು ಜನ ಹುಡುಕಿ, ಸಸಿ ಮಾಡಿ, ನೆಟ್ಟಿ ಮುಗಿಸಿ, ಉಳಿದ ಅಗೆಯ ಸಸಿಯನ್ನು ನಮ್ಮ ಗದ್ದೆಗೂ ಕೊಟ್ಟಳು. ಆಗಷ್ಟೇ ಹಾಲು ಬಿಟ್ಟ ಒಂದು ಹೆಣ್ಣುಮಗು ಅವಳಿಗಿತ್ತು. ಅದನ್ನು ಸೊಂಟಕ್ಕೇರಿಸಿಕೊಂಡು ಗದ್ದೆಯ ಅಂಚಿನ ಮೇಲೆ ದೊಡ್ಡ ದೊಡ್ಡ ಹೆಜ್ಜೆ ಹಾಕಿ ಬರುತ್ತಿದ್ದಳು. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು, ಅವಳಿಗೆ ಮಾತ್ರ ಗಂಡ ಜೈಲಿಗೆ ಹೋದ ದಿನವೇ ಬಂದುಬಿಟ್ಟಿತ್ತು.

ಅವನು ಬಿಡುಗಡೆಯಾಗಿ ಬಂದ. ಕೊರಳಲ್ಲಿ ಹಾರ, ಮೈಮೇಲೆ ಖಾದಿ. ಒಂದು ದಿನ ಅವನನ್ನು ಕಾಣಲು ಕಾರವಾರದಿಂದ ನಾಲ್ಕು ಜನ ಖಾದಿಯವರು ಬಂದರು. ಅಕ್ಕ ಅಂಗಳದ ಮೂಲೆಯಲ್ಲಿ ದೊಡ್ಡ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದಳು. ಅವರಲ್ಲೊಬ್ಬರು, ಗಂಡ ಜೈಲಿನಲ್ಲಿದ್ದಾಗ ನಿಮಗೆ ಬಹಳ ಕಷ್ಟವಾಯಿತೇನೋ ತಾಯಿ ಎಂದು ಕೇಳಿದರು. ಅವಳು ಕೋಲಿನಿಂದ ಭತ್ತ ತಿರುವುತ್ತಲೇ, "ಇಲ್ಲ ಅಣ್ಣ, ಎಂತಾ ಕಷ್ಟ ಇಲ್ಲ. ಬೆಳೆ ಹೋದವರ್ಷಕ್ಕಿಂತ ಚೊಲೋ ಬಂದ," ಎಂದಳು. ಬಂದವರು ನಕ್ಕರು. ಗಂಡನೂ ನಕ್ಕ. ನಾನು ಬೇಲಿಯ ಈಚೆ ಬಟ್ಟೆ ಹರವುತ್ತಿದ್ದೆ.

ಬಂದವರನ್ನು ದಾರಿಯವರೆಗೆ ಕಳಿಸಿ ತಿರುಗಿ ಬಂದವನೇ ನೇರ ಹಂಡೆಯ ಬಳಿ ಹೋಗಿ ಅವಳ ಕಪಾಳಕ್ಕೆ ಹೊಡೆದ. ಎರಡನೆಯದು ಬೆನ್ನಿಗೆ. ಮೂರನೆಯದಕ್ಕೆ ಕೈ ಎತ್ತಿದಾಗ ಅವಳು ತಿರುಗಿ ನಿಂತು, ಭತ್ತ ತಿರುವುವ ಕೋಲಿನಿಂದ ಅವನ ಹಣೆಗೆ ಬೀಸಿದಳು. ಒಂದೇ ಏಟು. ಹಣೆ ಒಡೆದು ರಕ್ತ ಹುಬ್ಬಿನ ಮೇಲಿಂದ ಇಳಿಯಿತು. ಅವನು ಕೂತುಬಿಟ್ಟ. ಅಕ್ಕ ಅವನನ್ನು ಒಂದು ಸಲ ನೋಡಿದಳು, ಆಮೇಲೆ ಹಂಡೆಯ ಕಡೆ ತಿರುಗಿ ಮತ್ತೆ ಭತ್ತ ತಿರುವಲು ಹತ್ತಿದಳು. ಬಿಟ್ಟರೆ ತಳ ಹಿಡಿಯುತ್ತಿತ್ತು.

ಅತ್ತೆ ಬೊಬ್ಬೆ ಹಾಕಿದ್ದೇ ತಡ ಕೇರಿಯೆಲ್ಲ ಅಂಗಳದಲ್ಲಿ ನೆರೆಯಿತು. ಯಾರೂ ಅವಳಿಗೆ ಬಯ್ಯಲಿಲ್ಲ, ಅದೇ ನನಗೆ ವಿಚಿತ್ರ ಅನ್ನಿಸಿತು. ಎಲ್ಲರೂ ದೂರ ನಿಂತು ಪಿಸುಗುಟ್ಟಿದರು. ಹೆಂಗಸು ಗಂಡನಿಗೆ ಹೊಡೆಯುವುದುಂಟೇ, ಹೊಡೆದು ಹೆದರದೆ ಭತ್ತ ತಿರುವುವುದುಂಟೇ, ಇದು ಇವಳಲ್ಲ, ಇವಳ ಮೈಮೇಲೆ ಏನೋ ಬಂದಿದೆ. ಎರಡು ಬಾರಿ ಅವನು ಹೊಡೆದದ್ದನ್ನು ಅಲ್ಲೇ ಗದ್ದೆಯಲ್ಲಿದ್ದ ಮೂವರು ಗಂಡಸರು ನೋಡಿದ್ದರು. ಅವನ ಮೈಮೇಲೆ ಏನು ಬಂದಿತ್ತು ಎಂದು ಅವರಲ್ಲಿ ಒಬ್ಬನೂ ಕೇಳಲಿಲ್ಲ.

ದೆವ್ವ ಬಿಡಿಸುವವನನ್ನು ಮರುದಿನವೇ ಕರೆಸಿದರು. ಅಕ್ಕನನ್ನು ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿ ಇಬ್ಬರು ಹೆಂಗಸರು ರಟ್ಟೆ ಹಿಡಿದರು. ಮಣ್ಣಿನ ಪಾತ್ರೆಯಲ್ಲಿ ಕೆಂಡ, ಕೆಂಡದ ಮೇಲೆ ಹಿಡಿಹಿಡಿ ಒಣಮೆಣಸು. ಅವನು ಅಡಿಕೆ ಹಾಳೆಯ ಬೀಸಣಿಗೆಯಿಂದ ಹೊಗೆಯನ್ನು ಅವಳ ಮುಖಕ್ಕೇ ಬೀಸುತ್ತಿದ್ದ. ನಾವು ಅಷ್ಟು ದೂರದಲ್ಲಿ ನಿಂತವರೇ ಕೆಮ್ಮುತ್ತಿದ್ದೆವು. ಅವಳ ಕಣ್ಣು ಊದಿಕೊಂಡವು, ಬಾಯಿಂದ ಜೊಲ್ಲು ಇಳಿಯಿತು. ಒಳಗಿದ್ದವರು ಯಾರು, ಹೆಸರು ಹೇಳು, ಯಾರು ನೀನು ಎಂದು ಅವನು ಕೂಗಿ ಕೂಗಿ ಕೇಳಿದ. ಬಹಳ ಹೊತ್ತು ಅವಳು ಬಾಯಿ ಬಿಡಲಿಲ್ಲ. ಕೊನೆಗೆ ಉಸಿರು ಸಿಗದೆ, ತನ್ನ ತಾಯಿಯ ಭಾಷೆಯಲ್ಲಿ ಹೇಳಿದಳು.

"ಹಾಂವ... ಹಾಂವಚ."

ನಾನು. ನಾನೇ.

ನಮ್ಮ ಮಾವನವರು ಮೊದಲು ಬಾಯಿ ಬಿಟ್ಟರು. "ಹಾವು ಅಂತದೆ. ನಾಗ ಬಂದದ್ದು," ಎಂದರು. ಅದರ ಹಿಂದೆಯೇ ಅಕ್ಕನ ಅತ್ತೆ, ಅದರ ಹಿಂದೆ ರಟ್ಟೆ ಹಿಡಿದ ಹೆಂಗಸರು, ಆಮೇಲೆ ಇಡೀ ಅಂಗಳ, ಹಾವು ಹಾವು ಎಂದು ಕೈಮುಗಿಯಿತು. ಅವಳು ತಲೆ ಅಲ್ಲಾಡಿಸಿದಳು, ಮತ್ತೆ ಮತ್ತೆ ಹಾಂವ ಎಂದಳು, ಹೇಳಿದಷ್ಟೂ ಅವರು ಬಗ್ಗಿ ಬಗ್ಗಿ ಕೈಮುಗಿದರು. ಅವಳನ್ನು ಅಣಕಿಸಿ ಹಾಂವ ಬಂದೆ ಎನ್ನುತ್ತಿದ್ದ ಮಕ್ಕಳ ತಾಯಂದಿರು ಇವರು. ದಿನಬೆಳಗಾದರೆ ಕೊಂಕಣಿಯವರ ಜೊತೆ ಚೌಕಾಸಿ ಮಾಡುವವರು ಇವರು. ಕಿವಿ ತಪ್ಪಿ ಕೇಳಿದ್ದಲ್ಲ ಅದು. ಆಕೆ ತಾನೇ ಹೊಡೆದೆ ಎಂದರೆ ಅವನು ಹೆಂಗಸಿನ ಕೈಯಿಂದ ಪೆಟ್ಟು ತಿಂದ ಹಾಗಾಗುತ್ತಿತ್ತು, ಯಾಕೆ ಹೊಡೆದೆ ಎಂದು ಯಾರಾದರೂ ಕೇಳಬೇಕಾಗುತ್ತಿತ್ತು. ಹಾವು ಎಂದುಬಿಟ್ಟರೆ ಕೇಳುವ ಕೆಲಸವೇ ಇಲ್ಲ. ಜಗಲಿಯಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅವಳ ಗಂಡನ ಮುಖವನ್ನು ನಾನು ನೋಡಿದೆ. ಹಾಂವ ಎಂದರೇನೆಂದು ಆ ಅಂಗಳದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ನಿಧಾನವಾಗಿ ಎದ್ದು ಬಂದು ಅವನೂ ಕೈ ಜೋಡಿಸಿದ.

ನಾಗರಕಲ್ಲಿಗೆ ಹಾಲೆರೆದು, ಸೀಯಾಳ ಒಡೆದು, ತಪ್ಪಾಯಿತೆಂದು ಹೇಳಿಕೊಂಡರು. ಆವತ್ತಿನಿಂದ ಅವನು ಅವಳಿಗೆ ಹೊಡೆಯಲಿಲ್ಲ. ಮಳೆಗಾಲ ಪೂರ್ತಿ ಒಂದು ಏಟಿಲ್ಲ. ಗಂಜಿ ಆರಿದರೂ ಸುಮ್ಮನೆ ಉಂಡು ಎದ್ದ. ಆ ಸುದ್ದಿ ಅಕ್ಕ ನನಗೆ ಹೇಳಿದಾಗ ನನ್ನ ಸಿಟ್ಟು ನೆತ್ತಿಗೇರಿತು. ಪೊಲೀಸನ ಎದುರು ತಡೆಯಲು ಬರುತ್ತದೆ, ನಾಗನ ಎದುರು ತಡೆಯಲು ಬರುತ್ತದೆ, ಹೆಂಡತಿಯ ಎದುರು ಮಾತ್ರ ಬರುವುದಿಲ್ಲ. ಆ ರಸವೋ ಗಿಸವೋ ಮನುಷ್ಯನ ಮುಖ ನೋಡಿ ಏರುತ್ತದೆಯೇ? ಅವನಿಗೆ ಲಾಠಿಯ ಎದುರು ಕೈ ಜೋಡಿಸಿ ನಿಲ್ಲು ಎಂದು ಯಾರೋ ಹೇಳಿಕೊಟ್ಟಿದ್ದರು, ಕಲಿತಿದ್ದ. ನಾಗನಿಗೆ ಹೆದರು ಎಂದು ಹುಟ್ಟಿದಾಗಿನಿಂದ ಹೇಳಿಕೊಟ್ಟಿದ್ದರು, ಕಲಿತಿದ್ದ. ಹೆಂಡತಿಗೆ ಕೈ ಮಾಡಬೇಡ ಎಂದು ಅವನ ಅಪ್ಪ ಹೇಳಲಿಲ್ಲ, ಊರು ಹೇಳಲಿಲ್ಲ, ಖಾದಿಯವರೂ ಹೇಳಲಿಲ್ಲ. ಬುದ್ಧಿ ಹೇಳು ಎಂದರು. ಅದನ್ನೂ ಕಲಿತ.

ಏಟು ನಿಂತಿತಲ್ಲ, ಇನ್ನೇನು ಬೇಕಿತ್ತು ಎಂದು ಕೇಳಬಹುದು. ಅತ್ತೆ ಮಗುವನ್ನು ಕಿತ್ತುಕೊಂಡಿದ್ದಳು. ನಾಗ ಇರುವ ಮೈ, ಮಗು ಅವಳ ಮಗ್ಗುಲಲ್ಲಿ ಮಲಗಬಾರದು, ಅವಳ ಕೈಯಿಂದ ಉಣ್ಣಬಾರದು ಎಂದು ಕಟ್ಟುಮಾಡಿದ್ದಳು. ಮಗು ಒಳಕೋಣೆಯಿಂದ ಆಯಿ ಆಯಿ ಎಂದು ಅಳುತ್ತಿದ್ದರೆ ಇವಳು ಹೊರಗೆ ಜಗಲಿಯಲ್ಲಿ ಕಿವಿ ಮುಚ್ಚಿಕೊಂಡು ಕೂರಬೇಕು. ನೆಟ್ಟಿಯ ಸಾಲಿನಲ್ಲಿ ಅವಳ ಆಚೆಈಚೆ ಯಾರೂ ನಿಲ್ಲುತ್ತಿರಲಿಲ್ಲ. ಬಾವಿಗೆ ಬಂದರೆ ಹೆಂಗಸರು ಕೊಡ ಬಿಟ್ಟು ದೂರ ಸರಿಯುತ್ತಿದ್ದರು. ಮಕ್ಕಳ ಅಣಕವೂ ನಿಂತಿತು. ಅದು ನಿಂತದ್ದಕ್ಕೆ ಅವಳು ಹೆಚ್ಚು ಅತ್ತಳು.

"ಆಯ್ಕ ಗೊ, ಕೇಳು ತಂಗಿ," ಎಂದಳು ಒಂದು ದಿನ ಬಾವಿಕಟ್ಟೆಯಲ್ಲಿ. "ಹಾವಾದ್ರೆ ಪೆಟ್ಟಿಲ್ಲ. ಖರೆ. ಆದ್ರೆ ಹಾವಿನ ಕೈಗೆ ಮಗು ಯಾರು ಕೊಡ್ತಾರೆ?"

"ಕೋಡಿಬಾಗಕ್ಕೆ ಹೋಗಿಬಿಡು ಅಕ್ಕ," ಎಂದೆ.

"ಮಗು ಬಿಟ್ಟಾ?"

ಆಮೇಲೆ ಅವಳೇ ಹಗ್ಗ ಸುತ್ತಿಡುತ್ತ, 'ನಾನು' ಎನ್ನುವುದನ್ನು ನಿಮ್ಮ ಹಾಗೆ ಹೇಗೆ ಹೇಳುವುದು, ಹೇಳಿಕೊಡು ಎಂದಳು. ನಾನು ಹೇಳಿದೆ. ಅವಳು ಹೇಳಿದಳು. ಹೊಡೆದವಳು ನಾನು. ಹೊಡೆದವಳು ನಾನು. ದಿನವೂ ನೀರಿಗೆ ಬಂದಾಗ ಹೇಳಿ ಹೇಳಿ ರೂಢಿ ಮಾಡಿಕೊಂಡಳು. ಈ ಸಲ ಯಾರೂ ಅದನ್ನು ಬೇರೆ ಮಾತಾಗಿ ಕೇಳಿಸಿಕೊಳ್ಳಬಾರದು ಎಂಬ ಹಠ ಅವಳಿಗೆ. "ಸಮಾ ಆಯ್ತನಾ?" ಎಂದು ಕೇಳುವಾಗ ಅವಳ ಮುಖದಲ್ಲಿ, ಹೊಸ ಸೀರೆಯುಟ್ಟು ಕನ್ನಡಿ ನೋಡುವವಳ ಸಂಭ್ರಮ ಇರುತ್ತಿತ್ತು... ಈಗಲೂ ಆ ಮುಖ ಹಾಗೇ ಕಾಣುತ್ತದೆ.

ಕೊಯ್ಲು ಮುಗಿದ ಮೇಲೆ ಅವರ ಅಂಗಳದಲ್ಲಿ ಒಂದು ಸಭೆ ನಡೆಯಿತು. ಕಾರವಾರದ ಆ ಖಾದಿಯವರು ಮತ್ತೆ ಬಂದಿದ್ದರು. ಮಾವಿನ ಮರದ ಕೆಳಗೆ ಚಾಪೆ ಹಾಸಿ ಗಂಡಸರು ಕೂತಿದ್ದರು, ಗೋಡೆಯ ಬದಿಗೆ ನಾವು ಹೆಂಗಸರು. ಬಂದವರಲ್ಲಿ ಹಿರಿಯರೊಬ್ಬರು ಅಹಿಂಸೆಯ ಬಗ್ಗೆ ಚೆನ್ನಾಗಿ ಮಾತಾಡಿದರು. ಎದುರಾಳಿಯ ಮೇಲೂ ಕೈ ಎತ್ತಬಾರದು, ಮನಸ್ಸಿನಲ್ಲೂ ಹಗೆ ಇಡಬಾರದು ಎಂದರು. ಅವಳ ಗಂಡನ ಕಡೆ ಕೈ ತೋರಿಸಿ, ಇಂಥವರನ್ನು ನೋಡಿ ಕಲಿಯಿರಿ ಎಂದರು. ಆಗ ಅಕ್ಕ ಎದ್ದು ನಿಂತಳು. ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದಳು.

"ನನ್ನ ಮೈಯಲ್ಲಿ ಹಾವಿಲ್ಲ. ಆವತ್ತು ಇವರು ನಂಗೆ ಹೊಡೆದ್ರು. ಅದಕ್ಕೆ ಇವರಿಗೆ ಹೊಡೆದವಳು ನಾನು. ನಾನೇ. ನನ್ನ ಮಗು ನಂಗೆ ಕೊಡಿಸಿ."

ಕನ್ನಡದಲ್ಲಿ ಒಂದು ತಪ್ಪಿರಲಿಲ್ಲ. ಯಾರಿಗೂ ಅರ್ಥವಾಗಲಿಲ್ಲ ಎನ್ನುವ ಹಾಗಿರಲಿಲ್ಲ. ಆ ಹಿರಿಯರು ಬಹಳ ಹೊತ್ತು ತಮ್ಮ ಪಾದವನ್ನೇ ನೋಡಿಕೊಂಡರು. ಇವರು ಒಂದು ಮಾತು ಆಡಿದರೆ ಸಾಕು ಎಂದು ನಾನು ಕಾದೆ. ಅವರು ತಲೆ ಎತ್ತಿ, "ಮನೆಯ ವಿಷಯ ಮನೆಯೊಳಗೇ ತೀರಿಸಿಕೊಳ್ಳಬೇಕು ತಾಯಿ," ಎಂದರು. ಎಂದು, ಅಹಿಂಸೆಯ ಮಾತು ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸಿದರು. ನಾನು ಎದ್ದು ನಮ್ಮ ಹಿತ್ತಿಲಿಗೆ ಬಂದೆ.

ಮನೆಯೊಳಗೇ ತೀರಿತು. ಮರುದಿನ ಮಧ್ಯಾಹ್ನ ಅವರ ಬಾಗಿಲು ಹಾಕಿತ್ತು. ನಾನು ನೀರಿಗೆ ಹೋದಾಗ ಒಳಗಿಂದ ಧಡಧಡ ಸದ್ದು ಕೇಳಿತು. ಅಕ್ಕಾ ಎಂದು ಕೂಗಿದೆ, ಬಾಗಿಲು ಬಡಿದೆ. ನಮ್ಮ ಅತ್ತೆ ಬಂದು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆಯಿತು. ಹಾವು ಕಚ್ಚಿತು, ಸೊಸೆಗೆ ಹಾವು ಕಚ್ಚಿತು ಎಂದು ಅಕ್ಕನ ಅತ್ತೆ ಎದೆ ಬಡಿದುಕೊಂಡು ಹೊರಗೆ ಬಂದಳು. ನಾಗನನ್ನು ಸುಳ್ಳು ಮಾಡಿದಳು, ನಾಗ ಬಿಡಲಿಲ್ಲ ಎಂದು ಕೇರಿ ಹೇಳಿತು. ಪೊಲೀಸರಿಗೆ ತಿಳಿಸಬೇಕು ಎಂದು ನಾನು ಮಾವನವರ ಎದುರು ನಿಂತೇ ಹೇಳಿದೆ. "ಬ್ರಿಟಿಷರ ಪೊಲೀಸನ ಕೈಗೆ ನಮ್ಮ ಸತ್ಯಾಗ್ರಹಿಯನ್ನ ಕೊಡೂದಾ? ದೇಶದ್ರೋಹ ಅಂತಾರೆ ಅದಕ್ಕೆ," ಎಂದರು. ನನ್ನ ಗಂಡನ ಮುಖ ನೋಡಿದೆ. ಹೊಡೆಯದ ಗಂಡ ಅವನು, ಒಳ್ಳೆಯವನು, ನೆಲ ನೋಡುತ್ತ ನಿಂತಿದ್ದ.

ಸುದ್ದಿ ಹೋಗಿ ಕೋಡಿಬಾಗದಿಂದ ಅವಳ ತಾಯಿ ಮೋಟಾರಿನಲ್ಲಿ ಬಂದಳು. ವಿಧವೆ, ಒಣಕಲು ಹೆಂಗಸು, ಜೊತೆಗೆ ಯಾರೂ ಇರಲಿಲ್ಲ. ಮಗಳನ್ನು ಚಾಪೆಯ ಮೇಲೆ ಮಲಗಿಸಿ ತಲೆಯಿಂದ ಕಾಲಿನವರೆಗೆ ಬಟ್ಟೆ ಸುತ್ತಿದ್ದರು. ಆಕೆ ಅಳಲಿಲ್ಲ. ಸುತ್ತ ನಿಂತ ಗಂಡಸರನ್ನು ನೋಡಿ ಕೇಳಿದಳು, "ಖಂಯ್ ಚಾಬ್ಲೆಂ?"

ಎಲ್ಲಿ ಕಚ್ಚಿತು?

ಒಬ್ಬ ಹಿಮ್ಮಡಿ ಎಂದ. ಅದೇ ಹೊತ್ತಿಗೆ ಇನ್ನೊಬ್ಬ ಕೈ ಎಂದ. ಆಕೆ ಬಟ್ಟೆ ಸರಿಸಿ ಮಗಳ ಎರಡೂ ಹಿಮ್ಮಡಿ ನೋಡಿದಳು. ಎರಡೂ ಕೈ ತಿರುಗಿಸಿ ನೋಡಿದಳು, ಬೆರಳುಗಳನ್ನು ಬಿಡಿಸಿ ನೋಡಿದಳು. ತಲೆಯ ಬಟ್ಟೆಗೆ ಕೈ ಹಾಕಿದಾಗ ಗಂಡಸರು ಮುಂದೆ ಬಂದು ತಡೆದರು. ನಾನು ಹೆಂಗಸರ ನಡುವಿನಿಂದ ನುಗ್ಗಿ ಹೋಗಿ, ಹಾವಲ್ಲ ಆಯಿ ಎಂದೆ. ಎಲ್ಲರೂ ಕೇಳುವ ಹಾಗೆ ಹೇಳಿದೆ. ಆಕೆ ನನ್ನ ಕೆನ್ನೆ ಮುಟ್ಟಿ, ಗೊತ್ತು ಎಂದಳು. ಆಮೇಲೆ ಎದ್ದು ಒಳಕೋಣೆಗೆ ಹೋಗಿ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಬಂದಳು. ಅತ್ತೆ ಅಡ್ಡ ಬಂದಳು. ಆ ತಾಯಿ ತನ್ನ ಹರುಕು ಕನ್ನಡದಲ್ಲಿ, "ಹಾವಿನ ಮಗು ಇದು. ನಿಮಗೆ ಬೇಡ. ನಾಳೆ ಯಾರಿಗೆ ಕಚ್ಚುತ್ತೋ," ಎಂದಳು. ಅತ್ತೆ ಹಿಂದೆ ಸರಿದಳು. ಅಷ್ಟು ಗಂಡಸರಲ್ಲಿ ಒಬ್ಬನೂ ಕೈ ಮುಂದೆ ಮಾಡಲಿಲ್ಲ. ಅವರೇ ಹೇಳಿದ ಸುಳ್ಳಿಗೆ ಅವರೇ ಹೆದರಿ ದಾರಿ ಬಿಟ್ಟರು. ಆ ತಾಯಿ ಮಗಳ ಚಿತೆ ಹತ್ತುವವರೆಗೆ ನಿಂತಿದ್ದು, ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು ಪೇಟೆಯ ದಾರಿ ಹಿಡಿದು ಹೋದಳು.

ಅವನು ಮರುವರ್ಷ ಇನ್ನೊಂದು ಮದುವೆಯಾದ. ಸ್ವಾತಂತ್ರ್ಯ ಬಂದ ಮೇಲೆ ಪ್ರತಿ ವರ್ಷ ಶಾಲೆಯವರು ಧ್ವಜ ಹಾರಿಸಲು ಅವನನ್ನೇ ಕರೆಯುತ್ತಿದ್ದರು. ಲಾಠಿ ಬೀಳುವಾಗ ಹೇಗೆ ಕೈ ಜೋಡಿಸಿ ನಿಂತಿದ್ದೆ ಎಂದು ಮಕ್ಕಳಿಗೆ ಹೇಳುತ್ತಿದ್ದ. ನನ್ನ ಮಕ್ಕಳೂ ಅದನ್ನು ಕೇಳಿ ಬಂದು ನನಗೆ ಹೇಳುತ್ತಿದ್ದರು. ಒಂದು ಮಾತೂ ಸುಳ್ಳಲ್ಲ ಅದರಲ್ಲಿ, ಅದೇ ಹೊಟ್ಟೆ ಉರಿಸುತ್ತಿದ್ದದ್ದು. ಮುದುಕನಾಗಿ, ಹಾಸಿಗೆಯಲ್ಲಿ, ಎಲ್ಲರಿಂದ ಸೇವೆ ಮಾಡಿಸಿಕೊಂಡು ಸತ್ತ. ಹಣೆಯ ಮೇಲಿನ ಗಾಯದ ಕಲೆ ಪೊಲೀಸರ ಲಾಠಿಯದ್ದು ಎಂದು ಊರಿನ ಹೊಸ ತಲೆಮಾರು ನಂಬಿತ್ತು. ಅಕ್ಕ ಈ ಲೋಕದಲ್ಲಿ ಮಾಡಿಹೋದ ಒಂದು ಗುರುತು ಅದು, ಅದನ್ನೂ ಅವಳಿಂದ ಕಿತ್ತುಕೊಂಡರು.

ಮಗಳು ಕಾರವಾರಕ್ಕೆ ಕರೆತಂದ ಮೇಲೆ ನಾನು ಕೋಡಿಬಾಗದಲ್ಲಿ ವಿಚಾರಿಸಿದೆ. ಆ ಮನೆ ಇದ್ದ ಜಾಗದಲ್ಲಿ ಬೇರೆಯವರ ಕಟ್ಟಡ ಬಂದಿದೆ. ಅಜ್ಜಿ ಮೊಮ್ಮಗಳು ಗೋವೆಯ ಕಡೆ ಹೋದರು ಎಂದು ಒಬ್ಬರು, ಮುಂಬಯಿಗೆ ಎಂದು ಇನ್ನೊಬ್ಬರು... ಆ ಮಗು ಈಗ ಇದ್ದರೆ ಅವಳೂ ಅಜ್ಜಿಯಾಗಿರುತ್ತಾಳೆ. ತಾಯಿ ತನಗಾಗಿ ಒಂದು ಪರಭಾಷೆಯ ಮಾತನ್ನು ಬಾವಿಕಟ್ಟೆಯಲ್ಲಿ ಕಲಿತು ಸತ್ತಳು ಎಂದು ಅವಳಿಗೆ ಯಾರು ಹೇಳಿರುತ್ತಾರೆ? ನನಗೆ ಹೇಳುವ ಭಾಗ್ಯ ಸಿಗಲಿಲ್ಲ.

ಇದೆಲ್ಲವನ್ನೂ ಮೊನ್ನೆ ಮೊಮ್ಮಗನನ್ನು ಎದುರು ಕೂರಿಸಿ ಹೇಳಿದೆ. ಪೇಪರು ಮಡಿಸಿಟ್ಟು ಕೇಳಿದ. ಒಳ್ಳೆಯ ಹುಡುಗ, ಕಣ್ಣೂ ಒದ್ದೆಯಾಯಿತು. ಆದರೂ ಕೊನೆಗೆ, "ಆದ್ರೆ ಅಜ್ಜಿ, ಅಷ್ಟು ಸಿಟ್ಟು ಬಂದಾಗ ಕೈ ತಡಿಯೂದು ಕಷ್ಟ ಅಲ್ವಾ?" ಎಂದ.

"ನನ್ನ ಸಿಟ್ಟಿಗೆ ಅರವತ್ತು ವರ್ಷ ಆಯ್ತು ಮಗಾ," ಎಂದೆ. "ಒಂದು ದಿನವೂ ಆರಿದ್ದಿಲ್ಲ. ಆ ಮನುಷ್ಯ ನನ್ನ ಎದುರೇ ಓಡಾಡ್ತಿದ್ದ, ನಮ್ಮ ಬಾವಿಯ ನೀರೇ ಕುಡಿತಿದ್ದ. ಈ ಕೈ ಯಾರ ಮೈಮೇಲೂ ಬೀಳಲಿಲ್ಲ. ಸಿಟ್ಟು ಅಂದ್ರೆ ಎಂತದು ಅಂತ ನಂಗೆ ಹೇಳೂಕೆ ಬರಬೇಡ."

ಅವನು ನನ್ನ ಕೈ ಹಿಡಿದುಕೊಂಡು ಕೂತ. ನನಗೆ ಆಗ ಹೊಳೆದದ್ದು ಬೇರೆಯೇ. ಆ ಅಂಗಳದಲ್ಲಿ ನಿಂತಿದ್ದವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ. ನನಗೂ ಎಂಬತ್ತರ ಹತ್ತಿರ. ನಾನು ಹೋದ ಮೇಲೆ ಅಕ್ಕನಿಗಾಗಿ ಸಿಟ್ಟಾಗುವವರು ಯಾರೂ ಇರುವುದಿಲ್ಲ.